ಒಂದೇ ಕಂಪ್ಯೂಟರ್, ಬೀಗದ ಕೈ ಯಾರ ಬಳಿ?

ಮಕ್ಕಳೇ, ಮನೆಯ ಪಡಸಾಲೆಯಲ್ಲಿ ಯಾರು ಬೇಕಾದರೂ ಕೂರಬಹುದು. ಆದರೆ ಅಜ್ಜಿಯ ಟ್ರಂಕನ್ನು ಅಜ್ಜಿಯನ್ನು ಕೇಳದೆ ತೆಗೆಯುವಂತಿಲ್ಲ, ಅಲ್ಲವೇ? ಕಂಪ್ಯೂಟರಿನ ಒಳಗೂ ಪಡಸಾಲೆ, ಟ್ರಂಕು ಎರಡೂ ಬೇಕು.

ಇದು ಹಳೆಯ ಯೋಚನೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 'ಯುನಿಕ್ಸ್' ವ್ಯವಸ್ಥೆಯನ್ನು ಕಟ್ಟತೊಡಗಿದರು. ಆಗ ಕಂಪ್ಯೂಟರ್ ಬಲು ದುಬಾರಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಹಾಗಾಗಿ ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ ಎಂಬ ಪದ್ಧತಿ ಬೆಳೆಯಿತು. ಒಡೆಯ, ಅವನ ಗುಂಪಿನವರು, ಉಳಿದವರು – ಇವರಲ್ಲಿ ಯಾರು ಓದಬಹುದು, ಯಾರು ತಿದ್ದಬಹುದು ಎಂಬುದಕ್ಕೆಲ್ಲ ಬೇರೆ ಬೇರೆ ಅನುಮತಿ.

ನಾವು ಏನೂ ಹೇಳದಿದ್ದರೆ? ಕಂಪ್ಯೂಟರ್ ತಾನೇ ಒಂದು ಅನುಮತಿ ಹಾಕಿಬಿಡುತ್ತದೆ. ಇದೇ 'ಡಿಫಾಲ್ಟ್'. ಬಹಳ ಮಂದಿ ಅದನ್ನು ಬದಲಾಯಿಸಲು ಹೋಗುವುದಿಲ್ಲ. ಆದ್ದರಿಂದ ಮೊದಲೇ ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು ದೊಡ್ಡ ಪ್ರಶ್ನೆ.

2004ರಲ್ಲಿ ಬಂದ 'ಉಬುಂಟು' ಬಾಗಿಲನ್ನು ತೆರೆದೇ ಇಟ್ಟಿತ್ತು. ಒಬ್ಬರ ಫೋಲ್ಡರನ್ನು ಅದೇ ಕಂಪ್ಯೂಟರಿನ ಇನ್ನೊಬ್ಬರು ಓದಬಹುದಿತ್ತು, ತಿದ್ದುವಂತಿರಲಿಲ್ಲ. ಜೊತೆಯಲ್ಲಿ ಬಳಸುವವರು ಪರಸ್ಪರ ನಂಬಿಕೆಯವರೇ ಎಂಬ ಎಣಿಕೆ ಅದು. 2021ರ ಏಪ್ರಿಲ್‌ನಲ್ಲಿ ಬಂದ ಆವೃತ್ತಿಯಿಂದ ಹೊಸ ಖಾತೆಗಳ ಫೋಲ್ಡರುಗಳು ಇತರರಿಗೆ ಮುಚ್ಚಿಯೇ ಇರುತ್ತವೆ. ಬೇಕಾದವರು ತೆರೆದುಕೊಳ್ಳಬಹುದು.

ನಿಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್ ಇದೆಯೇ? ಒಂದೇ ಖಾತೆಯಲ್ಲಿ ಎಲ್ಲರೂ ಕೆಲಸ ಮಾಡಿದರೆ, ಅಜ್ಜ ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದ ನೆನಪುಗಳನ್ನು ಮೊಮ್ಮಗ ಅರಿಯದೆ ಅಳಿಸಿಬಿಡಬಹುದು. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಖಾತೆ, ಒಂದೊಂದು ಪಾಸ್‌ವರ್ಡ್ ಇರಲಿ. ಎಲ್ಲರೂ ನೋಡಬೇಕಾದ ಮದುವೆಯ ಫೋಟೋಗಳನ್ನು ವಿಂಡೋಸ್‌ನ 'ಪಬ್ಲಿಕ್' ಫೋಲ್ಡರಿಗೆ ಹಾಕಿ. ಅದೇ ಪಡಸಾಲೆ. ಮಕ್ಕಳ ಖಾತೆ 'ಸ್ಟ್ಯಾಂಡರ್ಡ್' ಆಗಿದ್ದರೆ ಸಾಕು. ಹೊಸ ವಿಂಡೋಸ್‌ನಲ್ಲಿ ಮೊದಲು ತೆರೆದ ಖಾತೆಯೇ 'ಅಡ್ಮಿನಿಸ್ಟ್ರೇಟರ್' ಆಗುತ್ತದೆ. ಆ ಬೀಗದ ಕೈಯಿಂದ ಎಲ್ಲರ ಟ್ರಂಕೂ ತೆರೆಯುತ್ತದೆ. ಅದು ಮನೆಯ ಜವಾಬ್ದಾರಿಯುತ ಹಿರಿಯರೊಬ್ಬರ ಬಳಿ ಇರಲಿ.

ಕಂಪ್ಯೂಟರ್ ಒಬ್ಬರದೇ ಆಗಿದ್ದರೆ ಬೀಗ ಬೇಡವೇ? ಅಲ್ಲಿ ಹೆದರಿಕೆ ಮನೆಯವರದಲ್ಲ, ನಾವೇ ಒಳಗೆ ಕರೆದ ಪ್ರೋಗ್ರಾಮಿನದು. ಎಲ್ಲಿಂದಲೋ ಇಳಿಸಿಕೊಂಡ ಆಟ ನಮ್ಮ ಹೆಸರಿನಲ್ಲೇ ಓಡುತ್ತದೆ. ನಾವು ಓದಬಲ್ಲ, ಅಳಿಸಬಲ್ಲ ಫೈಲುಗಳನ್ನು ಅದೂ ಓದಬಲ್ಲದು, ಅಳಿಸಬಲ್ಲದು. ಹಾಗಾಗಿ ದಿನನಿತ್ಯದ ಕೆಲಸಕ್ಕೆ ಅಲ್ಲಿಯೂ ಸ್ಟ್ಯಾಂಡರ್ಡ್ ಖಾತೆಯೇ ಒಳ್ಳೆಯದು. ಆಗ ಇಡೀ ಯಂತ್ರವನ್ನು ಬದಲಿಸುವ ಮುನ್ನ ಅದು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಕೇಳಿದ ಕೂಡಲೇ ಒತ್ತಬೇಡಿ. "ಇದನ್ನು ನಾನೇ ಕರೆದೆನೇ?" ಎಂದು ಒಮ್ಮೆ ಯೋಚಿಸಿ. ನಮ್ಮ ಸ್ವಂತ ಫೈಲುಗಳಿಗೆ ಮಾತ್ರ ಆ ಕಾವಲು ಸಾಲದು. ಮುಖ್ಯವಾದವುಗಳ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆಯಾಗಿಯೇ ಇರಲಿ.

ಈ ಭಾನುವಾರ ಅಜ್ಜ, ಅಜ್ಜಿಯ ಪಕ್ಕದಲ್ಲಿ ಕೂತು ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಖಾತೆಗಳಿವೆ ಎಂದು ಎಣಿಸಿ ನೋಡಿ. ಒಂದೇ ಇದ್ದರೆ ಅಂದೇ ಇನ್ನೊಂದು ತೆರೆಯಿರಿ. ಪಾಸ್‌ವರ್ಡ್ ಅನ್ನು ಅಜ್ಜಿಯೇ ಆರಿಸಲಿ. ಅವರು ಟೈಪ್ ಮಾಡುವಾಗ ನೀವು ಮುಖ ತಿರುಗಿಸಿಕೊಳ್ಳಿ!