ಕೋಡ್ ಹೊರಡಿಸದ ಕಂಪೈಲರ್: ನಂಬಿಕೆ ಮತ್ತು ವಸ್ತುಸ್ಥಿತಿ

ಆಕರ ಪಠ್ಯವನ್ನು ಯಂತ್ರದ ಕೋಡ್ ಆಗಿ ಬದಲಿಸುವುದಷ್ಟೇ ಕಂಪೈಲರಿನ ಕೆಲಸ, ದೋಷ ತೋರಿಸುವುದು ಆ ಹಾದಿಯಲ್ಲಿ ದೊರೆಯುವ ಉಪಫಲ ಎಂಬ ನಂಬಿಕೆಯಿಂದಾಗಿ, ತಮ್ಮದೇ ನಿಯಮಗಳನ್ನು ಪರಿಶೀಲಿಸುವ ಉಪಕರಣ ಬೇಕಾದಾಗ ಹೊಸದೊಂದು ಪಾರ್ಸರನ್ನೇ ಬರೆಯಬೇಕೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ, ಪಠ್ಯವನ್ನು ಓದಿ ವಾಕ್ಯರಚನೆಯ ವೃಕ್ಷವನ್ನು ಕಟ್ಟಿ ಹೆಸರು ಮತ್ತು ಟೈಪ್‌ಗಳನ್ನು ನಿರ್ಧರಿಸುವ ಮುಂಭಾಗವೂ ಕೋಡ್ ಹೊರಡಿಸುವ ಹಿಂಭಾಗವೂ ಪ್ರತ್ಯೇಕವಾಗಿದ್ದು, ಪ್ರೋಗ್ರಾಮನ್ನು ಓಡಿಸದೆಯೇ ಪರೀಕ್ಷಿಸುವ ಸ್ಥಿರ ವಿಶ್ಲೇಷಣೆಗೆ ಬೇಕಾದ ಸಾಮಗ್ರಿಯ ಬಹುಪಾಲು ಮುಂಭಾಗದಲ್ಲೇ ಸಿದ್ಧವಾಗಿರುತ್ತದೆ. ಇದು ಹೊಸ ಅರಿವೇನೂ ಅಲ್ಲ. 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ರೂಪಿಸಿದ ಲಿಂಟ್, ಪೋರ್ಟಬಲ್ ಸಿ ಕಂಪೈಲರಿನ ಮುಂಭಾಗವನ್ನೇ ಬಳಸಿಕೊಂಡು, ಕೋಡ್ ಉತ್ಪಾದಕಕ್ಕೆ ಹೋಗಬೇಕಿದ್ದ ಮಧ್ಯಂತರ ಕಡತದ ಬದಲು ಸರಳ ಪಠ್ಯದ ಕಡತವೊಂದನ್ನು ಬರೆದು ಅದನ್ನು ಇನ್ನೊಂದು ಪ್ರೋಗ್ರಾಮಿನಿಂದ ಪರಿಶೀಲಿಸುತ್ತಿತ್ತು. ಇಂದಿನ ಕ್ಲ್ಯಾಂಗ್‌ನಲ್ಲಿ ಪ್ಲಗಿನ್ ಒಂದು ಕಂಪೈಲರಿನ ಮುಖ್ಯ ಕ್ರಿಯೆಯ ಸ್ಥಾನವನ್ನೇ ತಾನು ವಹಿಸಿಕೊಂಡು ಕೋಡ್ ಉತ್ಪಾದನೆಯನ್ನು ಬಿಟ್ಟುಬಿಡಬಹುದು.

ಕ್ಲ್ಯಾಂಗ್‌ನ ‘ಸಿಂಟ್ಯಾಕ್ಸ್-ಓನ್ಲಿ’ ಆಯ್ಕೆ ಆವರಣಚಿಹ್ನೆ, ಅರ್ಧವಿರಾಮಗಳನ್ನಷ್ಟೇ ನೋಡುತ್ತದೆ ಎಂಬುದೂ ತಪ್ಪು. ಅದು ಟೈಪ್‌ಗಳ ಹೊಂದಾಣಿಕೆಯನ್ನು ಪರೀಕ್ಷಿಸಿ, ಅಗತ್ಯವಾದ ಟೆಂಪ್ಲೇಟ್‌ಗಳನ್ನು ವಿಸ್ತರಿಸಿ, ಕೋಡ್ ಉತ್ಪಾದನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ.

ಇವುಗಳಿಗಿಂತ ಸೂಕ್ಷ್ಮವಾದದ್ದು, ಕೋಡ್ ಬೇಡವೆಂದರೆ ಯಾವ ಕಡತವೂ ಬೇಡ ಎಂಬ ಎಣಿಕೆ. ರಸ್ಟ್ ಭಾಷೆಯ ಕಂಪೈಲರನ್ನು ಗ್ರಂಥಾಲಯದಂತೆ ಬಳಸುವ ಉಪಕರಣವು ವಿಶ್ಲೇಷಣೆ ಮುಗಿದೊಡನೆ ‘ನಿಲ್ಲಿಸು’ ಎಂಬ ಉತ್ತರವನ್ನು ಹಿಂದಿರುಗಿಸಿದರೆ ಕಂಪೈಲರ್ ಅಲ್ಲೇ ನಿಲ್ಲುತ್ತದೆ, ಮತ್ತು ಒಂದೇ ಕ್ರೇಟ್, ಅಂದರೆ ಒಂದೇ ಸಂಕಲನ ಘಟಕ, ಇರುವಾಗ ಇದರಿಂದ ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ಒಂದು ಕ್ರೇಟನ್ನು ಇನ್ನೊಂದು ಅವಲಂಬಿಸಿದಾಗ, ಮೊದಲನೆಯದರ ಟೈಪ್‌ಗಳನ್ನೂ ಫಂಕ್ಷನ್‌ಗಳನ್ನೂ ವಿವರಿಸುವ ಮೆಟಾಡೇಟಾ ಕಡತ ಎರಡನೆಯದಕ್ಕೆ ಬೇಕೇ ಬೇಕು. ಮೊದಲೇ ನಿಂತ ಕಂಪೈಲರ್ ಅದನ್ನು ಬರೆದಿರುವುದಿಲ್ಲವಾದ್ದರಿಂದ ಎರಡನೆಯ ಕ್ರೇಟ್ ವಿಶ್ಲೇಷಣೆಯ ಹಂತವನ್ನೇ ತಲುಪುವುದಿಲ್ಲ. ರಸ್ಟ್‌ನ ‘ಕಾರ್ಗೋ ಚೆಕ್’ ಆಜ್ಞೆಯು ಯಂತ್ರದ ಕೋಡನ್ನು ಬಿಟ್ಟು ಮೆಟಾಡೇಟಾವನ್ನು ಮಾತ್ರ ಬರೆಯುವುದಕ್ಕೆ ಕಾರಣವಿದೇ. ಸ್ವಂತ ಉಪಕರಣ ಬರೆಯುವವರೂ ಈ ಕ್ರಮವನ್ನೇ ಹಿಡಿಯುವುದು ಲೇಸು.

ಪರಿಶೀಲನೆಯಲ್ಲಿ ಗೆದ್ದ ಪ್ರೋಗ್ರಾಂ ಪೂರ್ಣ ಸಂಕಲನದಲ್ಲೂ ಗೆಲ್ಲಲೇಬೇಕೆಂಬ ನಿಯಮವೂ ಇಲ್ಲ. ಹಲವು ಟೈಪ್‌ಗಳಿಗೆ ಒಗ್ಗುವಂತೆ ಬರೆದ ಜೆನೆರಿಕ್ ಫಂಕ್ಷನನ್ನು ನಿರ್ದಿಷ್ಟ ಟೈಪ್‌ಗಳಿಗೆ ಪ್ರತಿಮಾಡಿಕೊಳ್ಳುವ ಕೆಲಸ ರಸ್ಟ್‌ನಲ್ಲಿ ಕೋಡ್ ಉತ್ಪಾದನೆಯ ವೇಳೆಗೆ ನಡೆಯುವುದರಿಂದ, ಆಗಷ್ಟೇ ಲೆಕ್ಕಕ್ಕೆ ಬರುವ ಸ್ಥಿರಾಂಕದಲ್ಲಿನ ದೋಷವು ‘ಕಾರ್ಗೋ ಚೆಕ್’ನ ಕಣ್ಣು ತಪ್ಪಿಸಿಕೊಳ್ಳಬಲ್ಲದು, ಲಿಂಕರ್ ಹಂತದ ದೋಷಗಳಂತೂ ಅದಕ್ಕೆ ಕಾಣುವುದೇ ಇಲ್ಲ.

ಕೋಡ್ ಹುಟ್ಟದ ಕಡೆ ಕೋಡ್ ಓಡುವುದೂ ಇಲ್ಲ, ಆದ್ದರಿಂದ ಪರಿಶೀಲನೆ ನಿರಪಾಯಕಾರಿ ಎಂಬ ಭಾವನೆ ಎಲ್ಲಕ್ಕಿಂತ ಅಪಾಯಕಾರಿ. ಸಂಕಲನಕ್ಕೆ ಮುನ್ನ ಸಿದ್ಧತೆ ನಡೆಸುವ ಬಿಲ್ಡ್ ಸ್ಕ್ರಿಪ್ಟ್ ಮತ್ತು ಪಠ್ಯದಿಂದ ಹೊಸ ಪಠ್ಯವನ್ನು ಹುಟ್ಟಿಸುವ ಪ್ರೊಸೀಜರಲ್ ಮ್ಯಾಕ್ರೋಗಳನ್ನು ‘ಕಾರ್ಗೋ ಚೆಕ್’ ಪೂರ್ಣವಾಗಿ ಸಂಕಲಿಸಿ, ಬಳಕೆದಾರನ ಯಂತ್ರದಲ್ಲೇ, ಅವನಿಗಿರುವ ಅನುಮತಿಗಳೊಂದಿಗೇ ಓಡಿಸುತ್ತದೆ; ಅಪರಿಚಿತ ಕ್ರೇಟನ್ನು ಹೀಗೆ ಪರಿಶೀಲಿಸುವುದಾದರೆ ಪ್ರತ್ಯೇಕಿತ ಪರಿಸರವೊಂದರ ಒಳಗೇ ಪರಿಶೀಲಿಸಬೇಕಾಗುತ್ತದೆ.