ಮನೆಯೊಳಕ್ಕೆ ಬಾರದ ಕರೆ

ಮಲೆನಾಡಿನ ಮನೆಗಳಲ್ಲಿ ಈಗ ಒಂದು ಹೊಸ ಸ್ಥಳನಾಮವು ಹುಟ್ಟಿಕೊಂಡಿರುವುದು. ಅಡಿಗೆಮನೆ, ದೇವರಮನೆ, ಜಗಲಿ, ಕೊಟ್ಟಿಗೆ ಎಂಬಂತೆಯೇ ‘ಸಿಗ್ನಲ್ ಸಿಕ್ಕುವ ಜಾಗ’ವೆಂಬುದೂ ಒಂದುಂಟು. ಕೆಲವರಿಗೆ ಅದು ಅಂಗಳದ ತುಳಸಿಕಟ್ಟೆಯ ಬಳಿ. ಕೆಲವರಿಗೆ ತೋಟದಾಚೆಯ ಗುಡ್ಡದ ನೆತ್ತಿಯಲ್ಲಿ. 2020ರಲ್ಲಿ ಶಾಲೆಗಳು ಮುಚ್ಚಿ, ಪಾಠಗಳು ಮೊಬೈಲಿನ ಮೂಲಕ ನಡೆಯತೊಡಗಿದಾಗ, ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡವೇರಿ ಕುಳಿತುದನ್ನು ಆ ಸೀಮೆಯವರು ಮರೆತಿರಲಾರರು.

ನಮಗೆ ಪರಿಚಿತರಾದ ವೃದ್ಧ ದಂಪತಿಗಳು ಅಂಥದೊಂದು ಮನೆಯಲ್ಲಿರುವರು. ಮಗನು ಬೆಂಗಳೂರಿನಲ್ಲಿ ಉದ್ಯೋಗಿ. ಮಳೆಗಾಲದ ಒಂದು ರಾತ್ರಿ ಯಜಮಾನರಿಗೆ ಎದೆನೋವು ಕಾಣಿಸಿಕೊಂಡಿತು. ಆ ತಾಯಿಯು ಗಂಡನನ್ನು ಒಬ್ಬರನ್ನೇ ಬಿಟ್ಟು, ಟಾರ್ಚು ಹಿಡಿದು, ಜಾರುವ ದಾರಿಯಲ್ಲಿ ಅರ್ಧ ಗುಡ್ಡ ಹತ್ತಿದ ಮೇಲೆಯೇ ಕರೆ ಹೋದದ್ದು. ದೈವಕೃಪೆಯಿಂದ ಯಜಮಾನರು ಬದುಕಿಕೊಂಡರು. ಮಗನಿಗೆ ಮಾತ್ರ ಅಂದಿನಿಂದ ನಿದ್ರೆಯಿಲ್ಲ. “ಮನೆಗೊಂದು ಸಿಗ್ನಲ್ ಬೂಸ್ಟರು ತರಿಸಿ ಹಾಕಿಸುವೆನು, ಅಂಗಡಿಯವನು ಖಂಡಿತ ಫಲ ಕೊಡುವುದೆಂದಿದ್ದಾನೆ, ತಾವೇನು ಹೇಳುವಿರಿ?” ಎಂದು ನಮ್ಮನ್ನು ಕೇಳಿದನು. ಇದೇ ಪ್ರಶ್ನೆಯು ಅನೇಕ ಗೃಹಸ್ಥರ ಮನಸ್ಸಿನಲ್ಲಿರುವುದರಿಂದ, ಆತನಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುವೆವು.

ಮೊದಲು, ಬೂಸ್ಟರೆಂದರೇನು? ಮನೆಯ ಮಾಡಿನ ಮೇಲೊಂದು ಆಂಟೆನಾ. ಅಲ್ಲಿಂದ ಕೆಳಗಿಳಿಯುವ ಕೇಬಲು. ನಡುವೆ ಶಕ್ತಿಯನ್ನು ವರ್ಧಿಸುವ ಒಂದು ಪೆಟ್ಟಿಗೆ. ಕೋಣೆಯೊಳಗೆ ಇನ್ನೊಂದು ಆಂಟೆನಾ. ಟವರಿನಿಂದ ಬರುವ ಅಲೆಯನ್ನು ಹೊರಗಿನ ಆಂಟೆನಾ ಹಿಡಿಯುವುದು, ಪೆಟ್ಟಿಗೆಯು ಹಿಗ್ಗಿಸುವುದು, ಒಳಗಿನದು ಹರಡುವುದು. ನಿಮ್ಮ ಮಾತೂ ಇದೇ ದಾರಿಯಲ್ಲಿ ಹಿಮ್ಮುಖವಾಗಿ ಹೊರಟು ಟವರನ್ನು ಸೇರುವುದು. ವರ್ಧನೆಯು 60 ಡೆಸಿಬೆಲ್ ಎಂದರೆ ಶಕ್ತಿಯು ಹತ್ತು ಲಕ್ಷ ಪಾಲು ಹೆಚ್ಚಿದಂತೆ. ಆದರೆ ಈ ಯಂತ್ರವು ಇರುವುದನ್ನು ಹಿಗ್ಗಿಸೀತೇ ಹೊರತು ಇಲ್ಲದುದನ್ನು ಹುಟ್ಟಿಸಲಾರದು. ಬಾವಿಯಲ್ಲಿ ನೀರಿದ್ದರೆ ಪಂಪು ಮೇಲೆತ್ತುವುದು. ಬತ್ತಿದ ಬಾವಿಗೆ ಎಷ್ಟು ಕುದುರೆಶಕ್ತಿಯ ಪಂಪನ್ನಿಟ್ಟರೇನು? ಮಾಡಿನ ಮೇಲೆಯೂ ಸಿಗ್ನಲು ಇಲ್ಲದ ಮನೆಗೆ ಬೂಸ್ಟರು ವ್ಯರ್ಥ.

“ಹಿಂದೆ ರೇಡಿಯೋಕ್ಕೆ ತಂತಿ ಕಟ್ಟಿದೆವು, ಟೆಲಿವಿಷನ್ನಿಗೆ ಕಂಬ ನೆಟ್ಟು, ಒಬ್ಬರು ಮಾಡಿನ ಮೇಲೆ ತಿರುಗಿಸಿದರೆ ಒಬ್ಬರು ಒಳಗಿನಿಂದ ‘ಬಂತು, ಬಂತು’ ಎಂದು ಕೂಗಿದೆವು, ಇದಕ್ಕೇನು ತೊಡಕು?” ಎಂದು ಹಿರಿಯರು ಕೇಳಬಹುದು. ತೊಡಕು ಇಲ್ಲಿಯೇ ಇರುವುದು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯ ಪ್ರಸಾರವನ್ನು ಆರಂಭಿಸಿದಾಗ, ಕೇಳುವವರ ಮನೆಯ ಪೆಟ್ಟಿಗೆಯು ಬರಿದೆ ಕೇಳುತ್ತಿದ್ದಿತು, ತಿರುಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಮೊಬೈಲು ಕೇಳುವುದೂ ಹೌದು, ಹೇಳುವುದೂ ಹೌದು. ಅದಕ್ಕೆ ಬೂಸ್ಟರನ್ನು ಜೋಡಿಸಿದವನು ತನ್ನ ಮಾಡಿನ ಮೇಲೆ ಒಂದು ಪ್ರಸಾರಯಂತ್ರವನ್ನೇ ಸ್ಥಾಪಿಸಿದಂತಾಯಿತು.

ಹರಿಕಥೆಯ ಚಪ್ಪರದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ತಂದಾಗ ಕಿವಿಗಡಚಿಕ್ಕುವಂತೆ ಕಿರುಚುವುದನ್ನು ಎಲ್ಲರೂ ಕೇಳಿರುವರು. ಬೂಸ್ಟರಿನ ಎರಡು ಆಂಟೆನಾಗಳು ಸಾಕಷ್ಟು ಅಂತರದಲ್ಲಿಲ್ಲದಿದ್ದರೆ ಅದೂ ಹಾಗೆಯೇ ಕಿರುಚುವುದು. ನಮ್ಮ ಕಿವಿಗೆ ಅದು ಕೇಳಿಸದು, ಟವರಿಗೆ ಕೇಳಿಸುವುದು. ಆ ಗದ್ದಲದಲ್ಲಿ ಸುತ್ತಲಿನ ಮನೆಗಳ ಕ್ಷೀಣವಾದ ಕರೆಗಳು ಮುಳುಗಿಹೋಗುವುವು. ನಾವು ನಮ್ಮ ತಂದೆಗಾಗಿ ಹಾಕಿಸಿದ ಪೆಟ್ಟಿಗೆಯಿಂದ, ಆಚೆ ಕೇರಿಯಲ್ಲಿ ಇನ್ನೊಬ್ಬರ ತಂದೆಗೆ ಆಂಬ್ಯುಲೆನ್ಸು ಕರೆಯಲಾಗದೆ ಹೋದರೆ ಅದನ್ನು ಉಪಕಾರವೆನ್ನಬಹುದೆ?

ಆದಕಾರಣವೇ ಸರಕಾರಗಳು ಇದಕ್ಕೆ ಕಟ್ಟುಪಾಡು ವಿಧಿಸಿರುವುವು. ಅಮೆರಿಕದಲ್ಲಿ 2013ರ ನಿಯಮದಂತೆ, ಪರೀಕ್ಷಿಸಿ ಒಪ್ಪಿದ ಯಂತ್ರವನ್ನು ಕಂಪನಿಯ ಸಮ್ಮತಿಯೊಡನೆ ನೋಂದಾಯಿಸಿ ಮನೆಯಲ್ಲಿಡಬಹುದು. ನಮ್ಮ ದೇಶದಲ್ಲಿ ಹಾಗಿಲ್ಲ. ಪರವಾನಗಿಯುಳ್ಳ ದೂರಸಂಪರ್ಕ ಕಂಪನಿಗಳ ಹೊರತು ಬೇರಾರೂ ಬೂಸ್ಟರನ್ನು ಇಟ್ಟುಕೊಳ್ಳುವುದಾಗಲಿ, ಮಾರುವುದಾಗಲಿ, ಬಳಸುವುದಾಗಲಿ ಕಾನೂನಿಗೆ ವಿರುದ್ಧವೆಂದು ದೂರಸಂಪರ್ಕ ಇಲಾಖೆಯು 2022ರಲ್ಲಿ ಸ್ಪಷ್ಟವಾಗಿ ಸಾರಿರುವುದು. ಅಂಗಡಿಯಲ್ಲಿ ಸಿಕ್ಕಿತೆಂಬ ಮಾತ್ರಕ್ಕೆ ಕೊಂಡವನು ನಿರ್ದೋಷಿಯಾಗಲಾರನು. ಇದನ್ನು ಕೇಳಿ ಆ ಮಗನು ಮುಖ ಸಣ್ಣದು ಮಾಡಿಕೊಂಡು, “ಹಾಗಾದರೆ ಅಮ್ಮ ಗುಡ್ಡ ಹತ್ತುತ್ತಲೇ ಇರಬೇಕೆ?” ಎಂದನು. ಇಲ್ಲ, ಮಾಡತಕ್ಕ ಕೆಲಸಗಳು ಬೇರೆ ಇವೆ.

ಮೊದಲನೆಯದು, ಅಳತೆ. ಮೊಬೈಲಿನ ಮೇಲ್ತುದಿಯ ಗೀಟುಗಳನ್ನು ನಂಬಬಾರದು. ಅನೇಕ ಮೊಬೈಲುಗಳ ಸೆಟ್ಟಿಂಗ್ಸಿನಲ್ಲಿ, ಸಿಮ್ಮಿನ ವಿವರವಿರುವೆಡೆ, ಸಿಗ್ನಲಿನ ಬಲವನ್ನು ಅಂಕಿಯಲ್ಲಿ ತೋರಿಸುವುದು. ಅದು ಋಣಸಂಖ್ಯೆ: ಮೈನಸ್ 85 ಒಳ್ಳೆಯದು, ಮೈನಸ್ 115 ಬಲು ಕ್ಷೀಣ. ಪ್ರತಿ 10ಕ್ಕೂ ಬಲವು ಹತ್ತರಲ್ಲೊಂದು ಪಾಲಿಗಿಳಿಯುವುದರಿಂದ, ಇವೆರಡರ ನಡುವಣ ಅಂತರವು ಸಾವಿರ ಪಾಲು! ಮನೆಯ ಪ್ರತಿ ಕೋಣೆಯಲ್ಲಿಯೂ, ಅಟ್ಟದ ಮೇಲೂ ನೋಡಿ ಬರೆದಿಟ್ಟುಕೊಳ್ಳಿರಿ. ತಗಡಿನ ಮಾಡು, ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು, ತೊಯ್ದ ಗೋಡೆ, ಮಳೆಯಲ್ಲಿ ನೆನೆದ ಮರಗಳ ಎಲೆ, ಇವೆಲ್ಲವೂ ಅಲೆಯನ್ನು ತಡೆಯುವುವು. ಹಾಸಿಗೆಯನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವುದರಿಂದಲೇ ಕೆಲವು ಮನೆಗಳ ಕಷ್ಟವು ಪರಿಹಾರವಾದೀತು.

ಎರಡನೆಯದು, ಕಂಪನಿಯ ಆಯ್ಕೆ. ನೆರೆಹೊರೆಯವರ ಬೇರೆ ಬೇರೆ ಕಂಪನಿಗಳ ಮೊಬೈಲುಗಳನ್ನು ನಿಮ್ಮ ಮನೆಯೊಳಗೇ ತರಿಸಿ ಪರೀಕ್ಷಿಸಿರಿ. 700ರಿಂದ 900 ಮೆಗಾಹರ್ಟ್ಸಿನ ಅಲೆಗಳು 2300ರವಕ್ಕಿಂತ ಗೋಡೆಗಳನ್ನು ಸುಲಭವಾಗಿ ದಾಟುವುದರಿಂದ, ಒಂದೇ ಊರಿನಲ್ಲಿ ಒಂದು ಕಂಪನಿಯದು ಒಳಗೆ ಬಂದು ಇನ್ನೊಂದರದು ಬಾಗಿಲಲ್ಲೇ ನಿಲ್ಲುವುದುಂಟು. 2011ರಿಂದ ದೇಶದಾದ್ಯಂತ, ಸಂಖ್ಯೆಯನ್ನು ಬದಲಿಸದೆ ಕಂಪನಿಯನ್ನು ಬದಲಿಸಿಕೊಳ್ಳುವ ಅನುಕೂಲವಿರುವುದು.

ಮೂರನೆಯದೇ ಮುಖ್ಯವಾದುದು. ಊರಿಗೆ ಫೈಬರ್ ತಂತಿಯು ಬಂದಿದ್ದರೆ ಅದನ್ನು ಮನೆಗೆಳೆಸಿ, ವೈ-ಫೈಯ ಮೂಲಕ ಮಾಮೂಲು ಸಂಖ್ಯೆಯಿಂದಲೇ ಕರೆ ಮಾಡುವ ‘ವೈ-ಫೈ ಕಾಲಿಂಗ್’ ಏರ್ಪಾಟನ್ನು ಬಳಸಬೇಕು. ನಮ್ಮ ದೇಶದಲ್ಲಿ ಇದು 2019ರ ಡಿಸೆಂಬರಿನಿಂದ ಬಳಕೆಗೆ ಬಂದಿರುವುದು. ಮೊಬೈಲಿಗೂ ಕಂಪನಿಗೂ ಈ ಸೌಕರ್ಯವಿರಬೇಕು, ಸೆಟ್ಟಿಂಗ್ಸಿನಲ್ಲಿ ಅದನ್ನು ತೆರೆದಿರಬೇಕು. ಮೊಬೈಲನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟು, ವೈ-ಫೈ ಮಾತ್ರ ತೆರೆದು, ಒಮ್ಮೆ ಕರೆ ಮಾಡಿ ನೋಡಿದರೆ ಸಂದೇಹ ಪರಿಹಾರ. ವಿದ್ಯುತ್ತು ಹೋದರೆ ವೈ-ಫೈಯೂ ಹೋಗುವುದೆಂಬುದನ್ನು ಮರೆಯಬಾರದು. ಮಳೆಗಾಲದ ರಾತ್ರಿಗಳಿಗಾಗಿ ಅದಕ್ಕೊಂದು ಬ್ಯಾಟರಿ ಅಥವಾ ಇನ್ವರ್ಟರಿನ ಆಸರೆ ಬೇಕೇ ಬೇಕು. ಆಂಬ್ಯುಲೆನ್ಸನ್ನು ಕರೆಯುವಾಗ ಊರು, ಮನೆ, ದಾರಿಯ ಗುರುತುಗಳನ್ನು ಬಾಯಿಬಿಟ್ಟು ಹೇಳತಕ್ಕದ್ದು. ಅವನ್ನು ಒಂದು ಚೀಟಿಯಲ್ಲಿ ಬರೆದು, ನೆರೆಯವರ, ವೈದ್ಯರ, ಬಾಡಿಗೆ ಕಾರಿನವರ ಸಂಖ್ಯೆಗಳೊಡನೆ ಗೋಡೆಗಂಟಿಸಿರಿ. ಗಾಬರಿಯಲ್ಲಿ ನೆನಪು ಕೈಕೊಡುವುದುಂಟು.

ಇನ್ನೊಂದು ಸಂಗತಿ: ನಿಮ್ಮ ಕಂಪನಿಯ ಸಿಗ್ನಲು ಇಲ್ಲದೆಡೆಯಲ್ಲಿಯೂ ಬೇರೊಂದು ಕಂಪನಿಯದು ಸಿಕ್ಕುವಂತಿದ್ದರೆ, 112ರ ತುರ್ತು ಕರೆಯನ್ನು ಅದರ ಮೂಲಕ ಕಳುಹಿಸಲು ಮೊಬೈಲು ಯತ್ನಿಸುವುದು. ಆದುದರಿಂದ ಸಿಗ್ನಲಿಲ್ಲವೆಂದು ಯತ್ನವನ್ನೇ ಬಿಡಬಾರದು.

ಕಡೆಯದು, ಊರಿನ ಕೆಲಸ. 198ಕ್ಕೆ ಕರೆ ಮಾಡಿ ಕಂಪನಿಗೆ ದೂರು ಕೊಟ್ಟು ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಕೋಣೆಕೋಣೆಯ ಅಳತೆಯನ್ನೂ ತಿಳಿಸಿರಿ. ಬೂಸ್ಟರು ಬೇಕಾದಲ್ಲಿ ಅದನ್ನು ಹಾಕುವ ಅಧಿಕಾರವೂ ಹೊಣೆಯೂ ಅವರದೇ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 2022ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟವು 26,316 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಇಂಥ ಯೋಜನೆಗಳ ಫಲವು ಕೇಳುವ ಊರಿಗೆ ಬೇಗ ತಲುಪುವುದೆಂಬುದು ಲೋಕರೂಢಿ. ಒಬ್ಬರು ಗೊಣಗುವುದಕ್ಕಿಂತ ಗ್ರಾಮ ಪಂಚಾಯಿತಿಯ ನಿರ್ಣಯದೊಡನೆ ಹತ್ತು ಮನೆಯವರು ಸಹಿ ಹಾಕಿದ ಅರ್ಜಿಗೆ ತೂಕ ಹೆಚ್ಚು.

ಆ ಮಗನು ಬೂಸ್ಟರಿನ ಹಣವನ್ನು ಫೈಬರ್ ತಂತಿಗೂ ಒಂದು ಬ್ಯಾಟರಿಗೂ ವೆಚ್ಚ ಮಾಡಿದನು. ತಂತಿಯೆಳೆಯುವ ಖರ್ಚಿನಲ್ಲಿ ನೆರೆಯ ಎರಡು ಮನೆಯವರೂ ಪಾಲುಗೊಂಡರು. ಮೊನ್ನೆ ಆ ತಾಯಿಯೇ ನಮಗೆ ಕರೆ ಮಾಡಿದ್ದರು. ಎಲ್ಲಿಂದ ಮಾತನಾಡುತ್ತಿರುವಿರೆಂದು ಅಭ್ಯಾಸಬಲದಿಂದ ಕೇಳಿದೆವು. “ಎಲ್ಲಿಂದಲೆಂದರೇನು? ಒಲೆಯ ಮುಂದೆ ಕೂತಿದ್ದೇನೆ. ಇವರು ಇಲ್ಲೇ ಕಾಫಿ ಕುಡಿಯುತ್ತಿದ್ದಾರೆ” ಎಂದರು.