ಕಡಲಂಚಿನ ಕಾವಲು ಮನೆಗಳು

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್ ಕರಾವಳಿಯಲ್ಲಿ ಬರ್ಲಿಂಗ್ ಗ್ಯಾಪ್ ಎಂಬ ಪುಟ್ಟ ಊರಿದೆ. ಬಿಳಿ ಸುಣ್ಣಕಲ್ಲಿನ ಕಡಿದಾದ ದಂಡೆಯ ಮೇಲಿನ ಸಾಲುಮನೆಗಳು ಈ ಊರಿನ ಗುರುತು. 1878ರಲ್ಲಿ ಕರಾವಳಿ ಕಾವಲು ಪಡೆಯವರ ಕುಟುಂಬಗಳಿಗಾಗಿ ಇವುಗಳನ್ನು ಕಟ್ಟಲಾಯಿತು.

ಕಾವಲುಗಾರರಿಗೆ ಪ್ರತ್ಯೇಕ ಮನೆಗಳೇಕೆ? ಚಹಾ, ಬ್ರಾಂದಿ, ತಂಬಾಕುಗಳ ಮೇಲೆ ಭಾರೀ ಸುಂಕವಿದ್ದ ಆ ಕಾಲದಲ್ಲಿ ಕಳ್ಳಸಾಗಣೆ ಕಡಲತೀರದ ಅನೇಕ ಹಳ್ಳಿಗಳ ಜೀವನೋಪಾಯವಾಗಿತ್ತು. ಅದನ್ನು ತಡೆಯಲು 1822ರಲ್ಲಿ ಬೇರೆ ಬೇರೆ ದಳಗಳನ್ನು ಒಂದುಗೂಡಿಸಿ ಕೋಸ್ಟ್ ಗಾರ್ಡ್ ಸ್ಥಾಪಿಸಲಾಯಿತು. ಊರವರೊಂದಿಗೆ ಶಾಮೀಲಾಗಬಾರದೆಂದು ದೂರದ ಊರಿನವರನ್ನೇ ನೇಮಿಸುತ್ತಿದ್ದರು. ಇಂಥವರಿಗೆ ಬಾಡಿಗೆಗೆ ಮನೆ ಕೊಡಲು ಹಳ್ಳಿಗರು ಹಿಂಜರಿಯುತ್ತಿದ್ದರು.

ಹೀಗಾಗಿ ನೆಪೋಲಿಯನ್ ಕಾಲದ ಕೋಟೆಗೋಪುರಗಳಲ್ಲೂ ಹಳೆಯ ಹಡಗುಗಳಲ್ಲೂ ಕಾವಲುಗಾರರು ವಾಸಿಸಿದ್ದುಂಟು. ವಿಜ್ಞಾನಿ ಡಾರ್ವಿನ್ ಪಯಣಿಸಿದ ಬೀಗಲ್ ಹಡಗು 1845ರಿಂದ ಎಸೆಕ್ಸ್‌ನ ನದಿಯೊಂದರಲ್ಲಿ ಇಂಥ ಕಾವಲು ಹಡಗಾಗಿತ್ತು. ಕ್ರಮೇಣ ಸರಕಾರವೇ ತೀರದುದ್ದಕ್ಕೂ ಸಾಲುಮನೆಗಳನ್ನು ಕಟ್ಟಿಸಿತು.

1856ರಲ್ಲಿ ಪಡೆ ನೌಕಾಡಳಿತದ ಅಧೀನಕ್ಕೆ ಬಂತು. ಕಳ್ಳಸಾಗಣೆ ಇಳಿದಂತೆ ಅಪಾಯದಲ್ಲಿದ್ದ ನಾವಿಕರ ಜೀವರಕ್ಷಣೆ ಮುಖ್ಯ ಕೆಲಸವಾಯಿತು. ಒಂದು ಕಾಲಕ್ಕೆ ಪರಕೀಯರೆನಿಸಿದವರೇ ಮೀನುಗಾರರ ಆಪತ್ಬಾಂಧವರಾದರು. 20ನೆಯ ಶತಮಾನದಲ್ಲಿ ಇಂಥ ಅನೇಕ ಮನೆಗಳು ಖಾಸಗಿಯವರ ಪಾಲಾದವು.

ಬರ್ಲಿಂಗ್ ಗ್ಯಾಪ್‌ನ ಮನೆಗಳಿಗೆ ಈಗ ಕಡಲೇ ಎದುರಾಳಿ. ದಂಡೆ ವರ್ಷಕ್ಕೆ ಸರಾಸರಿ ಅರ್ಧ ಮೀಟರಿಗೂ ಮಿಕ್ಕಿ ಹಿಂದೆ ಸರಿಯುತ್ತಿದೆ. ಕಡಲಿಗೆ ಹತ್ತಿರವಾದ ಮನೆಗಳನ್ನು ಒಂದೊಂದಾಗಿ ಕೆಡವಲಾಗಿದ್ದು, 2014ರ ಬಿರುಗಾಳಿಗಳ ಬಳಿಕ ಮತ್ತೊಂದು ಮನೆ ಹೋಯಿತು. ಕಲ್ಲಿನ ತಡೆ ಬೇಕೆಂದು ನಿವಾಸಿಗಳು ಕೇಳಿದ್ದರೂ ಒಪ್ಪಿಗೆ ಸಿಗಲಿಲ್ಲ. ಸ್ಥಳವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಹ ಪ್ರಕೃತಿಯ ಕ್ರಮಕ್ಕೆ ಅಡ್ಡಿಪಡಿಸದಿರುವ ನಿಲುವು ತಳೆದಿದೆ.

ಕಡಲ್ಕೊರೆತವೆಂದರೇನೆಂದು ಉಳ್ಳಾಲ, ಸೋಮೇಶ್ವರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ತಡೆಗೋಡೆ ಬೇಕೇ, ಸ್ಥಳಾಂತರವೇ ಎಂಬ ಚರ್ಚೆ ಪ್ರತಿ ಮಳೆಗಾಲದಲ್ಲೂ ಏಳುತ್ತದೆ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಆದರೆ ಬರ್ಲಿಂಗ್ ಗ್ಯಾಪ್‌ನಲ್ಲಿ ಬಂಡೆಯೇ ಕರಗುತ್ತಿದೆ. ಕಟ್ಟಡ ಉಳಿಸುವುದು ಯಾವಾಗಲೂ ಸಾಧ್ಯವಾಗದು. ಮನೆ ಕಳೆದುಕೊಳ್ಳುವ ಕುಟುಂಬಕ್ಕೆ ಬೇರೊಂದು ಸೂರು ಮೊದಲೇ ಸಿದ್ಧವಿರುವಂತೆ ನೋಡಿಕೊಳ್ಳುವುದು ಸಾಧ್ಯ. ಕಡಲತೀರದ ಧರ್ಮಕೇಂದ್ರಗಳಲ್ಲಿ ಮಳೆಗಾಲಕ್ಕೆ ಮುನ್ನವೇ ಈ ಯೋಚನೆ ಆಗಬೇಕು.